ಹಲ್ಲಿನ ಮೂಗುತಿ

ಆ ಸೋಮವಾರ ಸಂಜೆ ನಾವಿಬ್ಬರೂ ಹೊಸಿಲ ಹತ್ತಿರ ಕೂತು ಕಡಲೆಕಾಯಿ ಆರಿಸುತ್ತಿದ್ದೆವು. ಗಟ್ಟಿ ಕಾಯಿ ಮೊರಕ್ಕೆ, ಜೊಳ್ಳು ನೆಲಕ್ಕೆ. ನಾನೂ ನನ್ನ ತಂಗಿ ಗಿರಿಜಳೂ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದೆವು. ಅವಳ ಹುಬ್ಬಿನ ಮೇಲೆ ಜೀನ್ಸ್ ಬಟ್ಟೆಯ ನೀಲಿ ಧೂಳು ಹಾಗೇ ಕೂತಿತ್ತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರನ್ನು ಗುರುತು ಹಿಡಿಯಲು ಬೇರೆ ಚೀಟಿ ಬೇಡ, ಹುಬ್ಬು ನೋಡಿದರೆ ಸಾಕು. ನಾನು ಮಧ್ಯೆ ಎದ್ದು ಅವಳ ಚೂಡಿದಾರದ ತೋಳಿಗೆ ನಾಲ್ಕು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದೆ.

"ಅಕ್ಕ, ಕಚ್ಬ್ಯಾಡ ಕಣೆ. ಎಷ್ಟ್ ಸಲ ಯೋಳ್ಬೇಕು ನಿಂಗೆ?"

"ನನ್ ಹಲ್ಲೇನು ಪಿಂಗಾಣೀದಾ? ಏನೂ ಆಗಲ್ಲ."

"ನಿನ್ ಹಲ್ಲು ಗುಂಡುಕಲ್ಲು. ನಾನು ಯೋಳಿದ್ದು ದಾರಕ್ಕೆ ನೋವಾಯ್ತದೆ ಅಂತ."

ಹೀಗೆ ಹೇಳಿ ಅವಳೇ ನಕ್ಕಳು. ನಗುವಾಗ ಎಡಗೈ ತಾನಾಗಿ ಬಾಯಿಗೆ ಹೋಯಿತು. ಆಮೇಲೆ ಮೊರದಿಂದ ಒಂದು ಕಾಯಿ ತೆಗೆದು ಬೆಳಕಿಗೆ ಹಿಡಿದಳು.

"ಗುರುವಾರ ಮದ್ಯಾನಕ್ಕೆ ಹುರುದಿಡು. ಮರಳಲ್ಲಿ ಹುರೀಬೇಕು, ಬಾಂಡ್ಲೀಲಿ ಬರೀ ಹುರುದ್ರೆ ನಾ ತಿನ್ನಲ್ಲ."

ಗುರುವಾರ ಅವಳ ಹಲ್ಲಿನ ಕ್ಲಿಪ್ ತೆಗೆಯುವ ದಿನ. ಒಂದೂವರೆ ವರ್ಷದಿಂದ ಅವಳು ಗಟ್ಟಿ ಪದಾರ್ಥ ಕಚ್ಚಿರಲಿಲ್ಲ. ಕಡಲೆಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ಒಂದೂವರೆ ವರ್ಷ ಬರೀ ಬೇಯಿಸಿದ ಕಾಯಿ ತಿಂದಳು ಎಂದರೆ ಅದು ಸಣ್ಣ ವ್ರತವಲ್ಲ.

ಆ ಕಾಯಿಯನ್ನು ಮೊರಕ್ಕೆ ಹಾಕಿ ಕೇಳಿದಳು. "ಒಡದೋದ್ರೆ?"

"ಏನು?"

"ಹಲ್ಲಿನ ಕ್ಯಾಪು. ಕ್ಲಿಪ್ ತೆಗಿಯೋವಾಗ."

"ಒಡ್ಯಲ್ಲ ಬಿಡು."

"ಒಡದೋದ್ರೆ ಮತ್ತೆ ಮುರುಕಲ್ಲಿ ಆಯ್ತೀನಿ ನೋಡು."

ನಲ್ಲಿ ನೀರು ಬಂತು ಎಂದು ಯಾರೋ ಕೂಗಿದರು, ಬಿಂದಿಗೆ ಎತ್ತಿಕೊಂಡು ಎದ್ದುಹೋದೆ. ಆ ಸಂಜೆ ನನಗೆ ನೆನಪಿರುವುದು ಇಷ್ಟೇ. ಸಾರು ಯಾವುದು ಮಾಡಿದ್ದೆ ಎಂಬುದು ಎಷ್ಟು ಯೋಚಿಸಿದರೂ ಬರುತ್ತಿಲ್ಲ.

ಮುರುಕಲ್ಲಿ ಎಂದರೆ ಮುರುಕು ಹಲ್ಲಿನವಳು. ಆ ಹೆಸರು ಅವಳಿಗೆ ಬರಲು ಕಾರಣ ನಾನು. ಇದನ್ನು ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮೂರು ಆಂಧ್ರದ ಮಡಕಶಿರಾ ಕಡೆ, ಅಗಳಿ ದಾಟಿದ ಮೇಲೆ. ಇನ್ನೊಂದು ಹೆಜ್ಜೆ ಹಾಕಿದರೆ ಕರ್ನಾಟಕ. ಊರ ಮುಂದೆ ಒಂದು ಬೋರಿಂಗ್ ಇತ್ತು, ಕೈಯಲ್ಲಿ ಒತ್ತುವಂಥದ್ದು. ನನಗೆ ಆಗ ಹನ್ನೊಂದು, ಗಿರಿಜಳಿಗೆ ಎಂಟು. ನಾನು ಸಣಕಲಿ. ಬೋರಿಂಗ್ ಹಿಡಿ ಒತ್ತಬೇಕಾದರೆ ಪೂರ್ತಿ ಜೋತುಬೀಳಬೇಕಿತ್ತು. ಆ ದಿನ ಹಾಗೆ ಜೋತುಬಿದ್ದು, ಎರಡೂ ಕಾಲು ಮೇಲೆತ್ತಿ, "ನೋಡು, ಉಯ್ಯಾಲೆ" ಎಂದೆ. ನೋಡಲು ಅವಳು ಬಗ್ಗಿದಳು. ನನ್ನ ಕೈ ಜಾರಿತು. ಹಿಡಿ ಮೇಲಕ್ಕೆ ಚಿಮ್ಮಿ ಅವಳ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಅಡ್ಡಡ್ಡಕ್ಕೆ ಅರ್ಧ ಮುರಿಯಿತು.

ಅವಳು ಮೊದಲು ಅಳಲಿಲ್ಲ. ನೆಲದಲ್ಲಿ ಬಿದ್ದ ಚೂರನ್ನು ಹುಡುಕಿ ಮುಷ್ಟಿಯಲ್ಲಿಟ್ಟುಕೊಂಡು, ಆಮೇಲೆ ಅತ್ತಳು. ಅಮ್ಮ ಕೇಳಿದ್ದಕ್ಕೆ "ಜಾರಿ ಬಿದ್ದೆ" ಎಂದಳು. ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯುವುದು ನಮ್ಮ ಕಡೆ ರೂಢಿ, ಹಾಗೆ ಮಾಡಿದರೆ ಹೊಸ ಹಲ್ಲು ಬರುತ್ತದೆ ಎಂದು. ನಾವೂ ಆ ಚೂರಿಗೆ ದೊಡ್ಡ ಉಂಡೆಯನ್ನೇ ಮಾಡಿ ಎಸೆದೆವು. ಉಂಡೆ ದೊಡ್ಡದಾದರೆ ಹಲ್ಲು ಬೇಗ ಬರುತ್ತದೆ ಎಂಬ ಲೆಕ್ಕ ನನ್ನದು. ದಿನಾ ಬೆಳಿಗ್ಗೆ ಅವಳ ತುಟಿ ಎತ್ತಿ ನೋಡುತ್ತಿದ್ದೆ. ಸುಗ್ಗಿ ಬಂತು, ಹಲ್ಲು ಬರಲಿಲ್ಲ. ಆ ಅರ್ಧ ಹಲ್ಲು ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿತು. ಸ್ಕೂಲಿನ ಫೋಟೋದಲ್ಲಿ ಅವಳು ತುಟಿ ಬಿಗಿದು ನಿಂತಿದ್ದಾಳೆ. ಬಾಯಿಗೆ ಕೈ ಹೋಗುವುದು ಶುರುವಾಗಿದ್ದೂ ಆಗಲೇ. ನಾವಿಬ್ಬರೂ ಎಷ್ಟೋ ಸಲ ಜುಟ್ಟು ಹಿಡಿದು ಜಗಳಾಡಿದ್ದೇವೆ. ಆದರೆ ಬೋರಿಂಗ್ ವಿಷಯವನ್ನು ಅವಳು ನನ್ನ ಮುಂದೆ ಎಂದೂ ಎತ್ತಿಲ್ಲ.

ಹತ್ತನೇ ಕ್ಲಾಸ್ ಆದ ಮೇಲೆ ನನ್ನನ್ನು ರಾಯದುರ್ಗಕ್ಕೆ ಕೊಟ್ಟರು. ನನ್ನ ಗಂಡ ಜೀನ್ಸ್ ಯೂನಿಟ್ಟಿನಲ್ಲಿ ರಿವಿಟ್ ಹೊಡೆಯುವ ಮಿಷನ್ನಿನ ಮೇಲೆ ಇದ್ದವರು. ಪ್ಯಾಂಟಿನ ಜೇಬಿನ ಮೂಲೆಯಲ್ಲಿ ತಾಮ್ರದ ಗುಂಡಿ ಇರುತ್ತದಲ್ಲ, ಅದು ಅವರ ಕೆಲಸ. ನಾನೂ ಅಲ್ಲೇ ಹೊಲಿಗೆಗೆ ಸೇರಿದೆ. ಆ ವರ್ಷಗಳಲ್ಲಿ ನಮ್ಮ ಊರುಗಳ ಹೆಣ್ಣುಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟರು. ಗಿರಿಜಳೂ ಹೋದಳು. ಎರಡು ವರ್ಷ ಅಲ್ಲಿ ಶರ್ಟಿನ ಕಾಲರ್ ಹೊಲಿದಳು. ಅಲ್ಲಿದ್ದಾಗಲೇ ಒಬ್ಬ ಡಾಕ್ಟರ ಹತ್ತಿರ ಹೋಗಿ ಆ ಮುರುಕು ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಂಡಳು. ಹಬ್ಬಕ್ಕೆ ಊರಿಗೆ ಬಂದವಳು ಯಾರಿಗೂ ಹೇಳದೆ, ಅಡುಗೆಮನೆಯಲ್ಲಿ ನನ್ನ ಎದುರು ಕೂತು ಸುಮ್ಮನೆ ತುಟಿ ಎತ್ತಿದಳು. ನಾನು ಮುದ್ದೆ ಕೋಲು ಬಿಟ್ಟು ನೋಡಿದೆ. ಹಲ್ಲು ಇತ್ತು. ಇಡೀ ಹಲ್ಲು. ನನ್ನ ತಪ್ಪನ್ನು ತಾನೇ ದುಡಿದು ಸರಿಮಾಡಿಕೊಂಡು ಬಂದಿದ್ದಳು.

ಆಮೇಲೆ ಬೆಂಗಳೂರು ಸಾಕಾಯಿತು ಎಂದು ರಾಯದುರ್ಗಕ್ಕೆ, ನಮ್ಮ ಮನೆಗೇ ಬಂದಳು. ನನ್ನ ಪಕ್ಕದ ಮಿಷನ್ನೇ ಸಿಕ್ಕಿತು. ಇಲ್ಲಿಯವರು ಅವಳ ಮಾತು ಕೇಳಿ ನಗುತ್ತಿದ್ದರು. ನಾವು ಕಡ್ಲೆಕಾಯಿ ಎಂದರೆ ಇವರು ಶೇಂಗಾ ಎನ್ನುತ್ತಾರೆ, ನಾವು "ಬಂದವ್ರೆ" ಎಂದರೆ ಇವರು "ಬಂದಾರ್ರಿ". ನಾನು ಇಷ್ಟು ವರ್ಷದಲ್ಲಿ ಎರಡನ್ನೂ ಕಲಸಿಕೊಂಡು, ಎರಡೂ ಕಡೆಯವರು ನಗುವ ಹಾಗೆ ಮಾತಾಡುತ್ತೇನೆ. ಅವಳು ಮಾತ್ರ ಒಂದಕ್ಷರ ಬದಲಿಸಲಿಲ್ಲ.

ಕ್ಲಿಪ್‌ನ ವಿಷಯಕ್ಕೆ ಬರುತ್ತೇನೆ. ಅವಳ ಹಲ್ಲುಗಳು ಹುಟ್ಟಿದಾಗಿನಿಂದಲೂ ಒಂದರ ಮೇಲೊಂದು. ನೆಟ್ಟಗೆ ಮಾಡಿಸಿಕೊಳ್ಳಬೇಕೆಂದು ಮನಸ್ಸು ಮಾಡಿದಳು. ನಮ್ಮ ಬೀದಿಯಿಂದ ಮುಂದೆ, ಹಣ್ಣಿನಂಗಡಿಯ ಮಹಡಿಯ ಮೇಲೆ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ತೆಲುಗಿನಲ್ಲಿ ಹಣ್ಣಿಗೂ ಪಂಡ್ಲು, ಹಲ್ಲಿಗೂ ಪಂಡ್ಲು. "ಕೆಳಗೂ ಪಂಡ್ಲಂಗಡಿ, ಮ್ಯಾಲೂ ಪಂಡ್ಲಂಗಡಿ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಯಾರೂ ನಗದಿದ್ದರೂ ಮುಂದಿನ ಸಲ ಮತ್ತೆ ಹೇಳುತ್ತಾರೆ.

ಡಾಕ್ಟರಮ್ಮ ಬಳ್ಳಾರಿ ಕಡೆಯವರು, ಗಿರಿಜಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಾಯಿ ನೋಡಿ ಅಂದರು. "ಉಲ್ಟಾ ಆಗೇತಲ್ರಿ. ಮೊದ್ಲು ಹಲ್ಲು ನೆಟ್ಟಗ ಮಾಡಿ ಆಮ್ಯಾಲ ಕ್ಯಾಪ್ ಹಾಕ್ಬೇಕಿತ್ತು."

"ಹೊಲಿಯೋಕ್ ಮುಂಚೆ ಇಸ್ತ್ರಿ ಮಾಡ್ದಂಗೆ" ಎಂದಳು ಗಿರಿಜ.

"ಹಂಗಾ ಅನ್ಕೋರಿ."

ಮೇಲಿನ ಸಾಲಿನ ಹತ್ತು ಹಲ್ಲಿಗೆ ಹತ್ತು ಸಣ್ಣ ಲೋಹದ ತುಣುಕು ಅಂಟಿಸಿ ನಡುವೆ ತಂತಿ ಕಟ್ಟಿದರು. ಒಂಬತ್ತು ಹಿಡಿದವು. ಪಿಂಗಾಣಿಯ ಮೇಲಿನದು ಮೂರೇ ದಿನಕ್ಕೆ ಬಿದ್ದುಹೋಯಿತು. ಡಾಕ್ಟರಮ್ಮ ಮುಚ್ಚಿಡಲಿಲ್ಲ. "ನಂದಾ ತಪ್ಪು. ಎಲ್ಲಾ ಹಲ್ಲಿಗೆ ಹಚ್ಚೋ ಔಷಧಾನ ಇದಕ್ಕೂ ಹಚ್ಚಿಬಿಟ್ಟೆ. ಪಿಂಗಾಣಿ ಅಂದ್ರ ತಟ್ಟೆ ಇದ್ದಂಗ್ರಿ. ನುಣ್ಣಗಿರತೈತಿ, ಅಂಟು ಹಿಡಿಯಂಗಿಲ್ಲ" ಎಂದು ಮತ್ತೆ ಅಂಟಿಸಿದರು.

ಎರಡನೆಯ ಸಲ ಅದು ಬಿದ್ದದ್ದು ನಮ್ಮ ಕಸುಬಿನಿಂದ. ಹೊಲಿಗೆಯವರಿಗೆ ಕತ್ತರಿ ಎಲ್ಲಿರುತ್ತದೆ ಎಂದು ಕೇಳಿದರೆ ಬಾಯಿ ತೋರಿಸುತ್ತಾರೆ. ಗಿರಿಜ ದಾರ ಕಚ್ಚುವುದು ಅದೇ ಮುಂದಿನ ಹಲ್ಲಿನಲ್ಲಿ. ಒಂದು ದಿನ ಮಧ್ಯಾಹ್ನ ನನ್ನ ಗಂಡ ತಮ್ಮ ರಿವಿಟ್ ತಟ್ಟೆಯಿಂದ ಏನನ್ನೋ ಎತ್ತಿ ಹಿಡಿದು ಇಡೀ ಹಾಲಿಗೆ ಕೇಳುವಂತೆ ಕೇಳಿದರು. "ಇದ್ಯಾವ ಸೈಜಿನ ರಿವಿಟ್ ಮಾರಾಯ್ರಾ? ಯಾವ ಪ್ಯಾಂಟಿಂದು?"

ಗಿರಿಜ ನಾಲಿಗೆಯಿಂದ ಹಲ್ಲು ಮುಟ್ಟಿ ನೋಡಿಕೊಂಡು ಎದ್ದು ನಿಂತಳು. "ಪ್ಯಾಂಟಿಂದಲ್ಲ ಬಾವ, ನಂದು."

ದಾರ ಕಚ್ಚಿದಾಗ ತುಣುಕು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ರಿವಿಟ್ ಮಿಷನ್ ತನಕ ಪ್ರಯಾಣ ಮಾಡಿತ್ತು. ಇನ್ನೊಂದು ಕ್ಷಣವಾಗಿದ್ದರೆ ಯಾವ ಊರಿನವನೋ ಅದನ್ನು ಜೇಬಿನ ಮೂಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಮಾರನೆಯ ದಿನವೇ ನನ್ನ ಗಂಡ ಒಂದು ದಾರ ಕತ್ತರಿಸುವ ಚಿಕ್ಕ ಕತ್ತರಿಯನ್ನು ಜೀನ್ಸ್ ಪಟ್ಟಿಯಿಂದ ಅವಳ ಮಿಷನ್ನಿಗೆ ಕಟ್ಟಿದರು. "ಇನ್ನ ಬಾಯಿ ಉಣ್ಣಾಕ ಮಾತ್ರ" ಎಂದರು.

ಮೂರನೆಯ ಸಲ ಡಾಕ್ಟರಮ್ಮ ಇಡೀ ಬೆಳಿಗ್ಗೆ ಆ ಒಂದು ಹಲ್ಲಿಗೇ ಕೊಟ್ಟರು. ನಾನು ಪಕ್ಕದಲ್ಲಿ ನಿಂತಿದ್ದೆ. ವಸಡಿಗೆ ತಾಗಬಾರದೆಂದು ಸುತ್ತಲೂ ರಬ್ಬರಿನ ಹಾಳೆ ಕಟ್ಟಿದರು. ಸಣ್ಣ ಯಂತ್ರದಿಂದ ಪಿಂಗಾಣಿಯ ಹೊಳಪನ್ನು ತುಸು ಕೆರೆದರು. ಅದರ ಮೇಲೆ ಒಂದು ಖಾರದ ಆಸಿಡ್ಡು. ಅದನ್ನು ತೊಳೆದು ಒಣಗಿಸಿದಾಗ ಹಲ್ಲು ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಯಿತು. ಆಮೇಲೆ ನೀರಿನಂಥ ಇನ್ನೊಂದು ಔಷಧ ಹಚ್ಚಿ ಕಾಯುತ್ತ ಕೂತರು.

"ಇದ್ಯಾತಕ್ಕ್ರಿ?" ಎಂದು ಕೇಳಿದೆ.

"ಪಿಂಗಾಣಿಗೂ ಅಂಟಿಗೂ ಮಾತುಕತಿ ಇಲ್ರಿ. ಇದು ನಡುವ ಕುಂತು ಸಂಬಂಧ ಕುದುರ್ಸತೈತಿ."

ಗಿರಿಜಳ ಬಾಯಿ ಪೂರ್ತಿ ತೆರೆದಿತ್ತು, ಮಾತಾಡುವ ಹಾಗಿರಲಿಲ್ಲ. ಆದರೂ ಕಣ್ಣಲ್ಲಿ ನಕ್ಕಳು. ಕೊನೆಗೆ ಅಂಟು ಹಾಕಿ, ತುಣುಕು ಇಟ್ಟು, ನೀಲಿ ದೀಪ ಹಿಡಿದರು. ಕುರ್ಚಿಯಿಂದ ಇಳಿಯುವಾಗ ಡಾಕ್ಟರಮ್ಮ ಹೇಳಿದ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

"ಈಗ ಚೊಲೋ ಹಿಡಿದೈತಿ. ಹಿಡಿಸೋದು ಕಷ್ಟ ಆತು. ಬಿಡಿಸೋದು ಇನ್ನೂ ಕಷ್ಟ ಐತಿ. ಜೋರು ಮಾಡಿದ್ರ ಪಿಂಗಾಣಿ ಚಕ್ಕಿ ಎದ್ದು ಬರತೈತಿ. ಆದ್ರ ನಾ ಸಾವಕಾಶ ತೆಗಿತೀನಿ, ತೆಗದು ಮತ್ತ ಪಾಲಿಶ್ ಮಾಡಿಕೊಡ್ತೀನಿ. ಆ ಚಿಂತಿ ನಂಗ ಬಿಡು."

ಅವಳು ಬಿಡಲಿಲ್ಲ. ತಿಂಗಳಿಗೊಮ್ಮೆ ತಂತಿ ಬಿಗಿಸಲು ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು.

ಕ್ಲಿಪ್ ಹಾಕಿಸಿಕೊಂಡು ಮೊದಲ ಸಲ ಊರಿಗೆ ಹೋದಾಗ ಅಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ತು ಬರುತ್ತಿದ್ದಳು. ಸೊಪ್ಪಿನ ಹೊರೆ ಇಳಿಸದೆಯೇ ಮಗಳ ಬಾಯಿ ನೋಡಿದಳು. ಗಿರಿಜ ಮೂಗು ಚುಚ್ಚಿಸಿಕೊಂಡವಳಲ್ಲ. ಒಂಬತ್ತು ವರ್ಷದವಳಿದ್ದಾಗ ಮೂಗು ಚುಚ್ಚುವವನು ಬಂದ ಎಂದು ಇದೇ ಹಿಪ್ಪುನೇರಳೆ ತೋಟದಲ್ಲಿ ಸಂಜೆವರೆಗೂ ಅಡಗಿ ಕೂತಿದ್ದಳು. ಅಮ್ಮ ಅದನ್ನು ಮರೆತಿರಲಿಲ್ಲ.

"ಮೂಗಿಗೊಂದು ಇಕ್ಕುಸ್ಕಳೇ ಅಂದ್ರೆ ಓಡೋದ್ಲು. ಈಗ ಹಲ್ಲಿಗೆಲ್ಲಾ ಮೂಗುತಿ ಇಕ್ಕುಸ್ಕಂಡ್ ಬಂದವ್ಳೆ. ಹತ್ತು ಮೂಗುತಿ."

ಅಂದಿನಿಂದ ನಮ್ಮ ಮನೆಯಲ್ಲಿ ಅದು ಕ್ಲಿಪ್ ಅಲ್ಲ, ಮೂಗುತಿ. ಅಮ್ಮ ಫೋನ್ ಮಾಡಿದರೆ "ಮೂಗುತಿ ಬಿಗ್ಸುದ್ರಾ?" ಎಂದೇ ಕೇಳುವುದು. ನಾನೂ ಹಾಗೇ ಅನ್ನುತ್ತಿದ್ದೆ. ಈ ಒಂದು ಮಾತನ್ನು ನಾವು ತಮಾಷೆಗೆ ಇಟ್ಟುಕೊಳ್ಳದೇ ಇದ್ದಿದ್ದರೆ ಆ ಮಂಗಳವಾರ ಬೇರೆ ಥರ ನಡೆಯುತ್ತಿತ್ತು.

ಕಡಲೆಕಾಯಿ ಆರಿಸಿದ ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಒಟ್ಟಿಗೇ ಹೋದೆವು. ಹತ್ತೂವರೆಗೆ "ಅಕ್ಕ, ತಲೆ ಒಂಥರಾ ಆಯ್ತೈತೆ" ಎಂದಳು. "ಟೀ ಬರ್ತೈತೆ ತಡಿ" ಎಂದೆ. ಅವಳ ಮಿಷನ್ನಿನಲ್ಲಿ ಪ್ಯಾಂಟಿನ ಕಾಲಿನ ಹೊಲಿಗೆಯೊಂದು ಅರ್ಧಕ್ಕೆ ಬಂದಿತ್ತು. ಬಟ್ಟೆಯ ಮೇಲೆ ತಲೆ ಇಟ್ಟಳು. ಹಿಂದಿನ ಮಿಷನ್ನಿನವಳು ನಿದ್ದೆ ಎಂದುಕೊಂಡು ಎಳೆದಾರದ ಉಂಡೆ ಎಸೆದು ರೇಗಿಸಿದಳು. ಅವಳು ಏಳಲಿಲ್ಲ. ನನ್ನ ಗಂಡ ಎತ್ತಿಕೊಂಡು ಆಟೋಕ್ಕೆ ಹಾಕಿದರು. ರಾಯದುರ್ಗದ ಆಸ್ಪತ್ರೆಯಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋಗಿ ಎಂದರು, ಆಮೇಲೆ ಅದೇ ಡಾಕ್ಟರು ಹೊರಗೆ ಬಂದು ಬೇಡ ಎಂದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಟೀ ಬರುವ ಹೊತ್ತಿಗೆ ಇದ್ದವಳು ಊಟದ ಹೊತ್ತಿಗೆ ಇರಲಿಲ್ಲ. ಇದನ್ನು ಇಷ್ಟೇ ಸಾಲಿನಲ್ಲಿ ಬರೆಯುತ್ತಿರುವುದು ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲದ್ದರಿಂದ.

ಮನೆಗೆ ತಂದು ಮಲಗಿಸಿದೆವು. ಊರಿಗೆ ಒಯ್ಯಲು ಗಾಡಿ ಬರುವುದಿತ್ತು. ಅಮ್ಮನಿಗೆ ಫೋನ್ ಮಾಡಿದ್ದು ನನ್ನ ಗಂಡ. ಆ ಕಡೆಯಿಂದ ಅಮ್ಮನ ದನಿ ಬಂತು, ಅಳು ಇಲ್ಲದ ದನಿ. ಫೋನ್ ಸ್ಪೀಕರಿನಲ್ಲಿತ್ತು.

"ಮೂಗುತಿ ತೆಗ್ಸಿ ಕರ್ಕಂಡ್ ಬರ್ರಪ್ಪ. ಮಣ್ಣಿಗಿಡೋವಾಗ ಮೈಮ್ಯಾಲೆ ಲೋಹ ಇರ್ಬಾರ್ದು."

ಕೂತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಬಳೆ, ಓಲೆ ಆಗಲೇ ತೆಗೆದಾಗಿತ್ತು. ಪಕ್ಕದ ಮನೆಯ ಅಜ್ಜಿ ಮೆಲ್ಲಗೆ ಅಂದರು. "ಪಾಪ, ತಾಯಿಗೆ ತಲಿ ನಿಂತಿಲ್ಲ. ಮಗಳು ಮೂಗಾ ಚುಚ್ಚಿಸಿಲ್ಲ, ಮೂಗುತಿ ಎಲ್ಲಿ ತರೋದು?"

ನನಗೆ ಗೊತ್ತಾಯಿತು. ನನ್ನ ಗಂಡನಿಗೂ ಗೊತ್ತಾಯಿತು. ಅವರು ಎದ್ದು ಹೋಗಿ ತಮ್ಮ ಚೀಲದಿಂದ ಇಕ್ಕಳ ತಂದರು, ತಪ್ಪು ಕೂತ ರಿವಿಟ್ ಕೀಳುವ ಇಕ್ಕಳ. ಅವಳ ಪಕ್ಕ ಕೂತರು.

"ಬ್ಯಾಡ. ಒಡದೋಯ್ತದೆ" ಎಂದೆ.

"ಏನು?"

"ಆ ಹಲ್ಲು. ಒಡದೋಯ್ತದೆ."

ಅವರು ನನ್ನನ್ನು ನೋಡಿದರು. ಹೆಂಗಸರೂ ನೋಡಿದರು. ನಾನು ಏನು ಹೇಳಿದೆ ಎಂದು ನನಗೇ ದಿಗಿಲಾಯಿತು. ಹೋದವಳ ಹಲ್ಲು ಒಡೆದರೇನು, ಉಳಿದರೇನು. ಆದರೆ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ನಡೆದುಕೊಂಡೇ ಹೋಗಿ ಹಣ್ಣಿನಂಗಡಿಯ ಮೆಟ್ಟಿಲು ಹತ್ತಿದೆ. ಡಾಕ್ಟರಮ್ಮನ ಮುಂದೆ ನಾಲ್ಕು ಜನ ಕಾಯುತ್ತಿದ್ದರು. ನನ್ನನ್ನು ನೋಡಿ ಅವರು ನಕ್ಕು, "ಗುರುವಾರ ಅಲ್ಲೇನ್ರಿ?" ಎಂದರು.

ಹೇಳಿದೆ. ಹೇಗೆ ಹೇಳಿದೆನೋ ತಿಳಿಯದು. ಅವರು ಒಂದು ಚಿಕ್ಕ ಡಬ್ಬಿಯಲ್ಲಿ ಸಾಮಾನು ತುಂಬಿಕೊಂಡು, ಕಾಯುತ್ತಿದ್ದವರಿಗೆ "ಈಗ ಬಂದೆ, ಕುಂದರ್ರಿ" ಎಂದು ನನ್ನ ಜೊತೆ ಇಳಿದರು.

ನೆಲದ ಮೇಲೆ ಅವಳ ತಲೆಯ ಹತ್ತಿರ ಮಂಡಿಯೂರಿ ಕೂತರು. ನನ್ನ ಕೈಗೆ ಫೋನ್ ಕೊಟ್ಟು ಬೆಳಕು ಹಿಡಿಯಲು ಹೇಳಿದರು. ತುಟಿಯನ್ನು ಬೆರಳಿನಿಂದ ಎತ್ತಿದರು. ತಂತಿ ಬಿಚ್ಚಿದರು. ಹಿಂದಿನಿಂದ ಶುರುಮಾಡಿ ಒಂದೊಂದನ್ನೇ ಇಕ್ಕಳದಲ್ಲಿ ಅಮುಕಿದರು. ಟಕ್ ಎಂದು ಬರುತ್ತಿತ್ತು. ಒಂಬತ್ತು ಬಂದವು. ಹತ್ತನೆಯದರ ಹತ್ತಿರ ಕೈ ನಿಂತಿತು. ಇಕ್ಕಳ ಬದಲಿಸಿದರು. ಹಲ್ಲಿಗೆ ಒಂದು ಬೆರಳು ಒತ್ತಾಗಿ ಕೊಟ್ಟು, ಬಗ್ಗಿ, ಆ ಒಂದೂವರೆ ವರ್ಷದ ರೂಢಿಯಿಂದ ಬಾಯಿತಪ್ಪಿ ಹೇಳಿಬಿಟ್ಟರು.

"ನೋವಾದ್ರ ಕೈ ಎತ್ತವ್ವ."

ನಾನು ಅವಳ ಕೈ ನೋಡಿದೆ. ಎಲ್ಲರೂ ನೋಡಿದರು. ಡಾಕ್ಟರಮ್ಮನೂ ನೋಡಿದರು. ನಗುವಾಗ ಬಾಯಿಗೆ ಹೋಗುತ್ತಿದ್ದ ಎಡಗೈ ಚಾಪೆಯ ಮೇಲೆ ಹಾಗೇ ಇತ್ತು.

ಆಮೇಲೆ ಅವರು ಮುಂದುವರಿಸಿದರು. ತಿರುಚಲಿಲ್ಲ, ಎಳೆಯಲಿಲ್ಲ. ತುಣುಕಿನ ಎರಡು ಬದಿಯನ್ನು ಸ್ವಲ್ಪ ಅಮುಕುವುದು, ಬಿಡುವುದು, ಮತ್ತೆ ಅಮುಕುವುದು. ಗಾಡಿ ಬಂದು ಹಾರನ್ ಹೊಡೆಯಿತು. ಅವರು ತಲೆ ಎತ್ತಲಿಲ್ಲ. ಕೊನೆಗೆ ಅದು ಸದ್ದಿಲ್ಲದೆ ಬಂತು. ಡಾಕ್ಟರಮ್ಮ ಬೆಳಕು ಹತ್ತಿರ ತರಿಸಿ ಹಲ್ಲಿನ ಅಂಚನ್ನು ಉಗುರಿನಿಂದ ಸವರಿ ನೋಡಿದರು.

"ಒಡದಿಲ್ರಿ" ಎಂದರು. ಆಗ ಅವರಿಗೆ ಅಳು ಬಂತು. "ಪಾಲಿಶ್ ಮಾಡೋ ಮಿಷನ್ ಅಲ್ಲೈತಿ. ಇಲ್ಲಿ ಕರೆಂಟಿಗೆ ಹಚ್ಚಾಕ ಬರಂಗಿಲ್ಲ." ಕೈಯಿಂದಲೇ ಅಂಟು ಕೆರೆದು, ಹತ್ತಿಯಿಂದ ಒರೆಸಿದರು. ಹೊಳಪು ಬರಲಿಲ್ಲ. ತುಣುಕು ಕೂತಿದ್ದ ಜಾಗದಲ್ಲಿ ಸುಣ್ಣದಂಥ ಒಂದು ಮಂಕು ಚುಕ್ಕೆ ಉಳಿಯಿತು.

ಊರಿನಲ್ಲಿ ಇಳಿಸಿದಾಗ ಅಮ್ಮ ಮೊದಲು ಮಾಡಿದ ಕೆಲಸ, ಹೆಬ್ಬೆರಳಿನಿಂದ ಅವಳ ಮೇಲ್ದುಟಿ ಎತ್ತಿದ್ದು. ಬೋರಿಂಗ್ ಹತ್ತಿರ ಹಲ್ಲು ಮುರಿದ ಮೇಲೆ ನಾನು ದಿನಾ ಎತ್ತುತ್ತಿದ್ದ ಹಾಗೆ. ಬಹಳ ಹೊತ್ತು ನೋಡಿದಳು.

"ಕೂರಿಗೇಲಿ ಬಿತ್ತಿದ್ ಸಾಲಿದ್ದಂಗವೆ" ಎಂದಳು. "ಒಂದೂ ವಾರೆ ಇಲ್ಲ."

ಆಗ ನಾನು ಬೋರಿಂಗ್ ವಿಷಯ ಹೇಳಿದೆ. ಅಲ್ಲೇ, ಎಲ್ಲರ ಎದುರು. ಅಮ್ಮ ತುಟಿಯನ್ನು ಮೆಲ್ಲಗೆ ಇಳಿಸಿ, ಸೆರಗಿನಿಂದ ಒರೆಸಿ, "ಗೊತ್ತಿತ್ತು. ಅವ್ಳೇ ಯೋಳಿದ್ಲು, ನಿಂಗೆ ಯೋಳ್ಬ್ಯಾಡ ಅಂದಿದ್ಲು" ಎಂದಳು.

ನಾನು ಈಗ ಅವಳ ಮಿಷನ್ನಿನಲ್ಲಿ ಕೂರುತ್ತೇನೆ. ಜೀನ್ಸ್ ಪಟ್ಟಿಯಲ್ಲಿ ಕಟ್ಟಿದ ಕತ್ತರಿ ಅಲ್ಲೇ ಇದೆ, ಆದರೂ ಒಮ್ಮೊಮ್ಮೆ ದಾರ ಬಾಯಿಗೇ ಹೋಗುತ್ತದೆ. ಕಚ್ಚಿ ಮುಗಿಸಿದ ಮೇಲೆ ನೆನಪಾಗಿ ಪಕ್ಕಕ್ಕೆ ತಿರುಗುತ್ತೇನೆ, ಬೈಯಲಿ ಎಂದು. ಆರಿಸಿಟ್ಟ ಕಡಲೆಕಾಯಿ ಡಬ್ಬಿಯಲ್ಲೇ ಹುಳು ಹಿಡಿಯಿತು.

ಹಾರ ಹಾಕಲು ಒಂದು ಫೋಟೋ ಬೇಕೆಂದು ಇದ್ದಬದ್ದದ್ದನ್ನೆಲ್ಲ ತೆಗೆದು ನೋಡಿದೆವು. ಸ್ಕೂಲಿನದು, ನನ್ನ ಮದುವೆಯದು, ಬೆಂಗಳೂರಿನದು, ಯೂನಿಟ್ಟಿನಲ್ಲಿ ಆಯುಧಪೂಜೆಯ ದಿನ ತೆಗೆದದ್ದು. ಕೆಲವುಗಳಲ್ಲಿ ತುಟಿ ಮುಚ್ಚಿದೆ. ಕೆಲವುಗಳಲ್ಲಿ ಬಾಯಿಯ ಮೇಲೆ ಕೈ ಇದೆ. ಅವಳ ಹಲ್ಲು ಕಾಣುವ ಫೋಟೋ ಒಂದೂ ಇಲ್ಲ.